ಹಲಗೆಯ ಮೇಲಿದ್ದ ಬ್ಯಾಟರಿ

ದೆವ್ವ ಕಂಡೆ, ಸತ್ತವರು ಬಂದು ಬಾಗಿಲು ತಟ್ಟಿದರು, ಹುಣಸೆಮರದ ಕೆಳಗೆ ಯಾರೋ ಹೆಸರು ಹಿಡಿದು ಕರೆದರು ಎಂದು ಯಾರಾದರೂ ಹೇಳಿದರೆ ನನಗೆ ಮೊದಲಿನಿಂದಲೂ ನಗು. ಎದುರಿಗೇ ನಕ್ಕು ಎಷ್ಟೋ ಜನರ ನಿಷ್ಠುರ ಕಟ್ಟಿಕೊಂಡಿದ್ದೇನೆ. ಜೀವಮಾನವೆಲ್ಲ ಮೋಟಾರ್ ಸೈಕಲ್ಲುಗಳ ವೈರು ಹಿಡಿದು ಎಳೆದವನು ನಾನು. ಈ ಕೆಲಸ ಮಾಡುವವನಿಗೆ ಒಂದು ಬುದ್ಧಿ ಬಂದುಬಿಡುತ್ತದೆ. ದೀಪ ಹತ್ತಿದರೆ ಅದಕ್ಕೊಂದು ಕಾರಣ ಇರುತ್ತದೆ, ಹತ್ತದಿದ್ದರೂ ಇರುತ್ತದೆ, ನಾವು ಹುಡುಕಬೇಕು ಅಷ್ಟೆ. ಹೀಗೆ ನಂಬಿ ಬದುಕಿದವನು ಈಗ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಅಷ್ಟು ಜನರನ್ನು ನೋಡಿ ನಕ್ಕವನಿಗೆ ಇದು ಆಗಬೇಕಾದ್ದೇ.

ಐವತ್ತರ ದಶಕದ ಮಾತು. ರಾಜಾಜಿನಗರ ಆಗಷ್ಟೇ ಹುಟ್ಟುತ್ತಿತ್ತು. ಕೆಂಪು ಮಣ್ಣಿನ ರಸ್ತೆಗಳು, ಸೈಟಿಗೆ ನೆಟ್ಟ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ, ಮಧ್ಯೆ ಇನ್ನೂ ಬಿಡದೆ ಬೆಳೆಯುತ್ತಿದ್ದ ರಾಗಿ. ವಿಜಯನಗರ, ಚಂದ್ರಾ ಲೇಔಟ್ ಅನ್ನುವ ಹೆಸರುಗಳೆಲ್ಲ ಆಮೇಲೆ ಬಂದವು. ಆ ಕಡೆಗೆ ಆಗ ಹೊಲ, ತೋಪು, ಹಳ್ಳಿ. ಸಂಜೆಯಾದರೆ ನರಿ ಕೂಗುವುದು ಕೇಳಿಸುತ್ತಿತ್ತು ಎಂದರೆ ಬಸವೇಶ್ವರನಗರದಲ್ಲಿ ಬಾಡಿಗೆಗಿರುವ ಇಂದಿನ ಹುಡುಗರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ.

ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ತಗಡಿನ ಸೂರಿನ ಒಂದು ಷೆಡ್ಡು ನಮ್ಮದು. ನಮ್ಮದು ಅಂದೆ, ಅದು ಮೇಸ್ತ್ರಿಯವರದು. ಮುನಿವೆಂಕಟಪ್ಪ ಎಂದು ಅವರ ಹೆಸರು. ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡು ಬಂದವರು. ನಾನು ಇಪ್ಪತ್ತು ದಾಟಿ ಅವರ ಕೈಕೆಳಗೆ ಸೇರಿದೆ. ಬೈಯುವುದರಲ್ಲಿ ಅವರನ್ನು ಮೀರಿಸುವವರು ನಾಲ್ಕೂರಲ್ಲಿ ಇರಲಿಲ್ಲ. ಗಾಡಿ ಬಂದ ಕೂಡಲೇ ನಾನು ಸ್ಪ್ಯಾನರಿಗೆ ಕೈ ಹಾಕಿದರೆ, "ಏನೋ, ಆಗ್ಲೇ ಬಿಚ್ಚೋಕೆ ಹೊರಟ್ಯಾ? ಮದುವೆಗೆ ಮುಂಚೆ ಹೆಣ್ಣು ನೋಡಲ್ವೇನೋ? ನಿಂತ್ಕೊಂಡು ನೋಡೋ ಮೊದ್ಲು" ಅನ್ನುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಅವರ ಹೆಂಡತಿ ತಾಯಮ್ಮನವರು ಬೈಗುಳದಿಂದ ನಮ್ಮನ್ನು ಪಾರು ಮಾಡುತ್ತಿದ್ದರು. ಮುದ್ದೆ, ಬಸ್ಸಾರು ತಂದಿಟ್ಟು, "ಬೈದಿದ್ದು ಸಾಕು, ಉಣ್ಣಿ" ಅಂದರೆ ಮೇಸ್ತ್ರಿ ತೆಪ್ಪಗಾಗುತ್ತಿದ್ದರು.

ಮುಂದಿನದು ಅರ್ಥವಾಗಬೇಕಾದರೆ ಗಾಡಿಯ ವಿಷಯ ಒಂದೆರಡು ಮಾತು ಹೇಳಲೇಬೇಕು. ಬೇಸರ ಮಾಡಿಕೊಳ್ಳಬೇಡಿ. ಆ ಕಾಲದ ಇಂಗ್ಲಿಷ್ ಮೋಟಾರ್ ಸೈಕಲ್ಲಿನಲ್ಲಿ ಕರೆಂಟಿನ ಸಂಸಾರ ಎರಡು. ಮ್ಯಾಗ್ನೆಟೋ ಅನ್ನುವುದು ಇಂಜಿನ್ನಿಗೆ ಬೇಕಾದ ಕಿಡಿಯನ್ನು ತಾನೇ ಹುಟ್ಟಿಸಿಕೊಡುತ್ತದೆ, ಅದಕ್ಕೆ ಯಾರ ಹಂಗೂ ಇಲ್ಲ. ಇನ್ನೊಂದು ಕಡೆ ಡೈನಮೋ, ಬ್ಯಾಟರಿ, ದೀಪ. ಮೇಸ್ತ್ರಿ ಹೇಳುತ್ತಿದ್ದರು, "ಡೈನಮೋ ದುಡಿಯೋ ಗಂಡ, ಬ್ಯಾಟರಿ ಕೂಡಿಡೋ ಹೆಂಡ್ತಿ, ಲೈಟು ಖರ್ಚು ಮಾಡೋ ಮಗ" ಎಂದು. ದೀಪದ ಬುರುಡೆಯ ಮೇಲೆ ಒಂದು ಸಣ್ಣ ಗಡಿಯಾರದಂಥ ಮೀಟರು ಇರುತ್ತದೆ. ಡೈನಮೋ ದುಡಿದು ಬ್ಯಾಟರಿಗೆ ಕೊಡುತ್ತಿದ್ದರೆ ಅದರ ಮುಳ್ಳು ಬಲಕ್ಕೆ ಹೋಗುತ್ತದೆ. ಬ್ಯಾಟರಿ ಕೂಡಿಟ್ಟದ್ದನ್ನು ದೀಪ ತಿನ್ನುತ್ತಿದ್ದರೆ ಎಡಕ್ಕೆ. ಎರಡೂ ಇಲ್ಲದಿದ್ದರೆ ಮುಳ್ಳು ನಡುವೆ ಸುಮ್ಮನೆ ನಿಂತಿರುತ್ತದೆ. ಡೈನಮೋ, ಬ್ಯಾಟರಿ ಎರಡನ್ನೂ ಕಿತ್ತು ಮನೆಯಲ್ಲಿಟ್ಟರೂ ಗಾಡಿ ಓಡುತ್ತದೆ, ದೀಪ ಮಾತ್ರ ಹತ್ತುವುದಿಲ್ಲ.

ಮೇಸ್ತ್ರಿಯವರ ಸ್ವಂತ ಗಾಡಿಯೂ ಮಿಲಿಟರಿಯವರ ಹರಾಜಿನಲ್ಲಿ ಬಂದದ್ದು. ಊರ ಗಾಡಿಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯನಿಗೆ ಆ ಒಂದು ಗಾಡಿ ಬಗ್ಗಲಿಲ್ಲ. ಒಂದು ದಿನ ಮುಳ್ಳು ಬಲಕ್ಕೆ ಹೋಗುತ್ತದೆ, ಮಾರನೆಯ ದಿನ ನಡುಗುತ್ತ ಎಡಕ್ಕೆ ಬೀಳುತ್ತದೆ, ಆಮೇಲೆ ಅಲ್ಲಾಡುವುದೇ ಇಲ್ಲ. ಡೈನಮೋದ ಎರಡು ವೈರು ಬಿಚ್ಚಿ, ಒಂದಾಗಿ ಹೊಸೆದು, ಬಲ್ಬು ಇಟ್ಟು ಇಂಜಿನ್ ಓಡಿಸಿದೆವು. ಬಲ್ಬು ಹತ್ತಿತು. ಅಂದರೆ ಡೈನಮೋ ಸರಿಯಿದೆ. ಆದರೂ ಅನುಮಾನಕ್ಕೆ ಅದರೊಳಗೆ ಸವೆಯುವ ಕಾರ್ಬನ್ ತುಂಡು ಬದಲಾಯಿಸಿದೆವು. ಡೈನಮೋವನ್ನೂ ಬ್ಯಾಟರಿಯನ್ನೂ ಕೂಡಿಸಿ ಬಿಡಿಸುವ ಕಟ್‌ಔಟ್ ಡಬ್ಬಿ ಬಿಚ್ಚಿ ಪಾಯಿಂಟು ಉಜ್ಜಿದೆವು. ಬ್ಯಾಟರಿ ಬದಲಾಯಿಸಿ ನೋಡಿದೆವು. ಒಂದು ವಾರ ಸರಿಯಾಗಿರುವುದು, ಮತ್ತೆ ಅದೇ ರಾಗ ಅದೇ ಹಾಡು. "ಕರೆಂಟು ಸುಳ್ಳು ಹೇಳಲ್ಲ ಕಣೋ. ದಾರಿ ಇದ್ರೆ ಬರುತ್ತೆ, ದಾರಿ ಇಲ್ದಿದ್ರೆ ಬರಲ್ಲ. ಎಲ್ಲೋ ದಾರಿ ಕಡಿದಿದೆ" ಎಂದು ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿದ್ದರು.

ಆ ವರ್ಷ ಆಷಾಢದಲ್ಲಿ ಅವರು ಹಾಸಿಗೆ ಹಿಡಿದರು. ಎದೆ ಕಟ್ಟಿ ಮಾತಾಡುವುದೂ ಕಷ್ಟವಾಗಿತ್ತು. ನಾನು ಸಂಜೆ ಹೋಗಿ ಮಂಚದ ಪಕ್ಕ ಕೂತರೆ ಕೇಳುತ್ತಿದ್ದುದು ಒಂದೇ: "ಮುಳ್ಳು ಎತ್ಲಾಗೆ ಹೋಯ್ತೋ?" ಎಡಕ್ಕೆ ಅಂದರೆ ಕಣ್ಣು ಮುಚ್ಚಿಕೊಂಡು ಯೋಚನೆ ಮಾಡುತ್ತಿದ್ದರು. ಬಲಕ್ಕೆ ಹೋಯಿತು ಎಂದು ಒಂದು ಸುಳ್ಳು ಹೇಳಿ ಆ ಜೀವಕ್ಕೆ ಸಮಾಧಾನ ಮಾಡೋಣ ಎಂದು ನನಗೆ ಎಷ್ಟೋ ಸಲ ಅನ್ನಿಸಿತು. ಅವರು ಕಂಡುಹಿಡಿದುಬಿಡುತ್ತಿದ್ದರು, ಅದಕ್ಕೇ ಹೇಳಲಿಲ್ಲ. ಶ್ರಾವಣ ಕಳೆಯುವ ಮೊದಲೇ ಅವರು ಹೋದರು. ಗಾಡಿ ಹಾಗೆಯೇ ಉಳಿಯಿತು. ತಾಯಮ್ಮನವರು ಅಂಗಡಿಯನ್ನೂ ಗಾಡಿಯನ್ನೂ ನನ್ನ ಕೈಗೆ ಬಿಟ್ಟರು.

ದಸರಾ ಬಂತು. ಸಾವಾದ ವರ್ಷ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ಆಯುಧಪೂಜೆಯನ್ನೂ ಬಿಡೋಣವೇ ಎಂದು ಕೇಳಿದ್ದಕ್ಕೆ ತಾಯಮ್ಮನವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. "ಮನೇಲಿ ಒಬ್ಬಟ್ಟು ಬೇಡ, ಹೊಸ ಬಟ್ಟೆ ಬೇಡ. ಸಾಮಾನಿಗೆ ಪೂಜೆ ಯಾಕಪ್ಪಾ ನಿಲ್ಲಿಸ್ತೀಯಾ? ಅದಕ್ಕೇನು ಸೂತಕ?" ಅಂದರು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಗೋಡೆಗೆ ಒರಗಿಸಿ ಒಂದು ಹಲಸಿನ ಹಲಗೆ ಹಾಕಿ, ಎಲ್ಲ ಸಾಮಾನನ್ನೂ ತೊಳೆದು ಒರೆಸಿ ಅದರ ಮೇಲೆ ಜೋಡಿಸುವುದು. ಅದರ ಜೊತೆಗೆ, ಕೈಯಲ್ಲಿ ಅರ್ಧಕ್ಕೆ ನಿಂತ ಕೆಲಸ ಯಾವುದಿರುತ್ತದೋ ಅದರ ಒಂದು ಭಾಗವನ್ನೂ ಇಡುವುದು. ಪೂಜೆಯಾಗಿ ಬೂದುಗುಂಬಳ ಒಡೆದು ಕಡ್ಲೆಪುರಿ ಹಂಚಿದ ಮೇಲೆ ವಿಜಯದಶಮಿಯ ಬೆಳಿಗ್ಗೆಯವರೆಗೆ ಹಲಗೆಯ ಮೇಲಿನದನ್ನು ಯಾರೂ ಮುಟ್ಟುವ ಹಾಗಿಲ್ಲ. ವರ್ಷವೆಲ್ಲ ದುಡಿದ ಸಾಮಾನು ಅದೊಂದು ರಾತ್ರಿ ನಿದ್ದೆ ಮಾಡುತ್ತದೆ, ಎಬ್ಬಿಸಬಾರದು ಎಂದು ಮೇಸ್ತ್ರಿ ಹೇಳುತ್ತಿದ್ದರು. ಆ ವರ್ಷ ಅರ್ಧಕ್ಕೆ ನಿಂತ ಕೆಲಸ ಅವರದೇ ಗಾಡಿ. ಹಿಂದಿನ ದಿನವೇ ಡೈನಮೋ ಇಳಿಸಿ, ಅದಿದ್ದ ಜಾಗಕ್ಕೆ ಒಂದು ತಗಡು ಮುಚ್ಚಿ ಕಟ್ಟಿದ್ದೆ. ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಭರ್ತಿ ಮಾಡಿದ್ದೆ. ಗಾಡಿಯಲ್ಲಿ ಬಿಚ್ಚಿದ ವೈರುಗಳ ತುದಿಗೆ ಟೇಪು ಸುತ್ತಿದ್ದೆ. ಡೈನಮೋ, ಬ್ಯಾಟರಿ ಎರಡನ್ನೂ ಮೇಸ್ತ್ರಿಯವರ ಹಳೆಯ ಸ್ಕ್ರೂಡ್ರೈವರಿನ ಪಕ್ಕ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಮಂಗಳಾರತಿ ಎತ್ತಿದೆ. ತಾಯಮ್ಮನವರು ಬಾಗಿಲಾಚೆಯೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಅರ್ಧ ಗಾಡಿಗೆ ಪೂಜೆಯಿಲ್ಲ ಎಂದು ಮೋಟಾರ್ ಸೈಕಲ್ಲನ್ನು ಹೊರಗೆ ನಿಲ್ಲಿಸಿದ್ದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಮ್ಮ ಭಾವನ ತಮ್ಮ ಚನ್ನಪ್ಪ ಸೈಕಲ್ ತುಳಿದುಕೊಂಡು, ಬೆವರು ಸುರಿಸುತ್ತ ಬಂದ. ಕೆಂಗೇರಿಯಿಂದಾಚೆ ಮುಖ್ಯ ರಸ್ತೆಯಿಂದ ಒಳಗೆ ಒಂದು ಹಳ್ಳಿಗೆ ನನ್ನ ಅಕ್ಕ ಗೌರಮ್ಮನನ್ನು ಕೊಟ್ಟಿತ್ತು. ತುಂಬು ಬಸುರಿ. ಬೆಳಿಗ್ಗೆಯಿಂದ ನೋವು ತಿನ್ನುತ್ತಿದ್ದಾಳೆ, ಮಗು ಕಾಲು ಮುಂದಾಗಿ ಬಂದಿದೆ, ಸೂಲಗಿತ್ತಿ ನನ್ನ ಕೈಲಾಗಲ್ಲ ಅಂದುಬಿಟ್ಟಳು ಎಂದ. "ನರ್ಸಮ್ಮನ್ನ ಕರ್ಕೊಂಡ್ಬಾ ಅಂತ ಅಂದ್ಳು ಅತ್ತಿಗೆ. ಹೋದ್ಸಲದ ಥರ ಮಾಡ್ಬೇಡಿ ಅಂದ್ಳು" ಎಂದು ಅಳುವ ದನಿಯಲ್ಲಿ ಹೇಳಿದ. ಹೋದ ಸಲ ಎಂದರೆ ಮೊದಲನೆಯ ಮಗು. ಎತ್ತಿನ ಗಾಡಿ ಕಟ್ಟಿ ನರ್ಸಮ್ಮನನ್ನು ಕರೆತರುವಷ್ಟರಲ್ಲಿ ಉಸಿರು ಹೋಗಿತ್ತು. ಅಕ್ಕನೂ ಉಳಿದದ್ದು ಹೆಚ್ಚು.

ಅವನನ್ನು ವಾಪಸ್ ಕಳಿಸಿ ಬಾಡಿಗೆ ಕಾರಿನವರ ಹತ್ತಿರ ಓಡಿದೆ. ಆಯುಧಪೂಜೆ! ಎಲ್ಲರೂ ಗಾಡಿಗೆ ಬಾಳೆಕಂದು ಕಟ್ಟಿ, ಬೀಗ ಹಾಕಿ, ಊಟ ಮಾಡಿ ಮಲಗಿದ್ದರು. ಉಳಿದದ್ದು ನಮ್ಮ ಅರ್ಧ ಗಾಡಿ ಒಂದೇ. ಇಂಜಿನ್ ಓಡುತ್ತದೆ, ಲೈಟಿಲ್ಲ. ಯಾವುದಕ್ಕೂ ಇರಲಿ ಎಂದು ಬ್ಯಾಟರಿ ತೆಗೆದುಕೊಳ್ಳಲು ಷೆಡ್ಡಿಗೆ ಬಂದೆ. ತಾಯಮ್ಮನವರು ಬೀಗ ಹಾಕುತ್ತಿದ್ದರು. ವಿಷಯ ಕೇಳಿ ಅವರ ಮುಖ ಬಿಳಿಚಿಕೊಂಡಿತು.

"ಅದನ್ನ ಕಟ್ಟೋಕೆ ಎಷ್ಟೊತ್ತಾಗುತ್ತಪ್ಪಾ?" ಎಂದು ಕೇಳಿದರು.

ವೈರೆಲ್ಲ ಬಿಚ್ಚಿದ್ದೇನೆ, ಹೊತ್ತು ಹಿಡಿಯುತ್ತದೆ ಎಂದೆ.

"ಹಂಗಾದ್ರೆ ಬೆಳಕಿದ್ದಂಗೇ ಹೊರಟುಬಿಡು. ಪೂಜೆ ಆಗಿರೋದನ್ನ ಎಬ್ಬಿಸಬೇಡ. ಅವರ ಸಾಮಾನು, ಅವರು ನೋಡ್ಕೋತಾರೆ. ಹೋಗು, ನಿಂತ್ಕೋಬೇಡ."

ನನಗೂ ಅದೇ ಸರಿ ಕಂಡಿತು. ಸೂರ್ಯ ಇನ್ನೂ ಮೇಲಿದ್ದ. ನರ್ಸಮ್ಮನ ಮನೆ ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ, ದಾರಿಯ ಮೇಲೇ. ಕತ್ತಲಾಗುವ ಮೊದಲು ತಲುಪಿಬಿಡುತ್ತೇವೆ ಎಂದುಕೊಂಡು ಕಿಕ್ ಹೊಡೆದೆ.

ನಾವೊಂದು ಬಗೆದರೆ ದೈವ ಒಂದು ಬಗೆಯಿತು. ನರ್ಸಮ್ಮ ಮನೆಯಲ್ಲಿಲ್ಲ. ಗೊಂಬೆ ನೋಡಲು ಚಾಮರಾಜಪೇಟೆಯ ನೆಂಟರ ಮನೆಗೆ ಹೋಗಿದ್ದಾರೆ ಎಂದರು. ಚಾಮರಾಜಪೇಟೆಯಲ್ಲಿ ಮನೆ ಹುಡುಕಿದರೆ, ಅಲ್ಲಿಂದ ಇನ್ನೊಂದು ಮನೆಯ ಗೊಂಬೆಗೆ ಹೋಗಿದ್ದಾರಂತೆ. ಅಂತೂ ಅವರು ಸಿಕ್ಕಾಗ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹೆಂಗಸರ ಮಧ್ಯೆ ಕೂತು ಕೋಸಂಬರಿ ತಿನ್ನುತ್ತಿದ್ದರು. ದಪ್ಪ ಶರೀರ, ಹರಿತ ನಾಲಗೆ. ವಿಷಯ ಹೇಳಿದ ಕೂಡಲೇ ಎಲೆ ಅಲ್ಲೇ ಬಿಟ್ಟು ಎದ್ದರು, ಅದಕ್ಕೆ ಅವರ ಪಾದಕ್ಕೆ ಈಗಲೂ ನಮಸ್ಕಾರ. ಅವರ ಚೀಲ ತರಲು ಮತ್ತೆ ಬ್ಯಾಟರಾಯನಪುರ. ಅಷ್ಟರಲ್ಲಿ ಸೂರ್ಯ ಮುಳುಗಿಯೇ ಹೋದ. "ಬೀಳಿಸಿದ್ರೆ ನೋಡು! ನನ್ನ ಕಾಲು ಮುರಿದ್ರೆ ನಿಮ್ಮಕ್ಕನ ಹೆರಿಗೆ ನೀನೇ ಮಾಡ್ಬೇಕು" ಎಂದು ಚೀಲ ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಓರೆಯಾಗಿ ಕೂತರು.

ಆಗಿನ ಮೈಸೂರು ರಸ್ತೆಯನ್ನು ನೋಡಿದವರಿಗೆ ಗೊತ್ತು. ಎರಡೂ ಕಡೆ ಮರ, ಮೇಲೆ ಕೊಂಬೆ ಕೊಂಬೆ ಸೇರಿ ಚಪ್ಪರ. ಹಗಲಿನಲ್ಲಿ ಅದರ ತಂಪಿಗೆ ಸಮನಾದದ್ದಿಲ್ಲ. ಪಕ್ಕದಲ್ಲಿ ವೃಷಭಾವತಿಯ ನೀರು, ಬಟ್ಟೆ ಒಗೆಯಬಹುದಾದ ನೀರು, ಹರಿಯುವ ಸದ್ದು. ಆದರೆ ಸಂಜೆಗತ್ತಲಾದ ಮೇಲೆ ಆ ಚಪ್ಪರದ ಕೆಳಗೆ ಕೈ ಚಾಚಿದರೆ ಕೈ ಕಾಣದು. ನವಮಿಯಲ್ಲವೇ, ಚಂದ್ರ ಇರಲಿಲ್ಲವೇ ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಇರಬೇಕಿತ್ತು. ದಟ್ಟ ಮೋಡ ಮುಚ್ಚಿ ಹನಿ ಹಾಕುತ್ತಿತ್ತು.

ನಾಯಂಡಹಳ್ಳಿ ದಾಟುವ ತನಕ ಹೇಗೋ ಬಂದೆ. ನರ್ಸಮ್ಮ ಟಾರ್ಚು ತೆಗೆದರು, ಅದು ಎರಡು ಸಲ ಮಿಣುಕಿ ಸತ್ತಿತು. ಮುಂದೆ ಸ್ವಲ್ಪ ದೂರದಲ್ಲೇ, ಲಾಂದ್ರವಿಲ್ಲದ ಒಂದು ಎತ್ತಿನ ಗಾಡಿ ಕತ್ತಲಿನಿಂದ ಎದೆಯ ಮೇಲೇ ಬಂದ ಹಾಗಾಯಿತು. ಬ್ರೇಕ್ ಹಾಕಿದೆ, ಚಕ್ರ ಜಾರಿ ರಸ್ತೆಯ ಅಂಚಿಗೆ ಹೋಗಿ ಇಂಜಿನ್ ನಿಂತಿತು. ಗಾಡಿಯವನು ಬೈದುಕೊಂಡು ಹೋದ. ನರ್ಸಮ್ಮ ಇಳಿದು ನಿಂತು, "ಲೈಟಿಲ್ದೆ ಯಾಕಪ್ಪಾ ಬಂದೆ? ನಾನು ನಡ್ಕೊಂಡೇ ಬರ್ತೀನಿ" ಅಂದರು. ನಡೆದುಕೊಂಡು ಹೋದರೆ ಅಕ್ಕ ಉಳಿಯುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಕತ್ತಲಲ್ಲಿ ನಾನು ಅತ್ತುಬಿಟ್ಟೆ. ಅಳುತ್ತಲೇ, "ಏನು ಮಾಡ್ಲಿ ಮೇಸ್ತ್ರಿ" ಎಂದು ಗೊಣಗಿಕೊಂಡೆ. ತಲೆಯಲ್ಲಿ ಏನೂ ಇರಲಿಲ್ಲ. ಕತ್ತಲಾದರೆ ಕೈ ತಾನಾಗಿ ದೀಪದ ಸ್ವಿಚ್ಚಿಗೆ ಹೋಗುವ ರೂಢಿ. ಸ್ವಿಚ್ಚು ತಿರುಗಿಸಿದೆ, ಕಿಕ್ ಹೊಡೆದೆ.

ಇಂಜಿನ್ ಹತ್ತಿತು. ಜೊತೆಗೇ ದೀಪವೂ ಹತ್ತಿತು.

ಮೊದಲು ಕೆಂಪಗೆ, ಆಮೇಲೆ ಹಳದಿ, ಆಮೇಲೆ ಒಳ್ಳೆಯ ಬಿಳಿ ಬೆಳಕು. ಎದುರಿನ ಮರದ ಬೊಡ್ಡೆ, ಅದಕ್ಕೆ ಹಚ್ಚಿದ ಸುಣ್ಣ, ರಸ್ತೆಯ ಗುಂಡಿ, ಬೀಳುತ್ತಿದ್ದ ಹನಿ ಎಲ್ಲ ಕಂಡವು. "ಇದೆಯಲ್ಲೋ ಲೈಟು! ಇಷ್ಟೊತ್ತು ಸುಮ್ಮನೆ ಜೀವ ತಿಂದ್ಯಲ್ಲ" ಎಂದು ನರ್ಸಮ್ಮ ಬೈದು ಹತ್ತಿ ಕೂತರು. ಗೇರ್ ಹಾಕಿ ಹೊರಟೆ. ನಿಜ ಹೇಳಬೇಕೆಂದರೆ ಆಗ ಆಶ್ಚರ್ಯಪಡುವುದಕ್ಕೂ ಪುರಸೊತ್ತಿರಲಿಲ್ಲ. ಕೆಂಗೇರಿ ಹತ್ತಿರವಾದಾಗ ಮಾತ್ರ ಮೀಟರಿನ ಕಡೆ ನೋಡಿದೆ. ಮುಳ್ಳು ಎಡಕ್ಕೆ ವಾಲಿ ನಿಂತಿತ್ತು. ಯಾವಾಗಲೂ ನಡುಗುತ್ತಿದ್ದ ಆ ಮುಳ್ಳು ಅವತ್ತು ಕದಲಲಿಲ್ಲ. ಬ್ಯಾಟರಿ ಕೊಡುತ್ತಿದೆ, ದೀಪ ತಿನ್ನುತ್ತಿದೆ ಎಂದು ಅದು ಹೇಳುತ್ತಿತ್ತು. ಯಾವ ಬ್ಯಾಟರಿ?

ಅಕ್ಕನ ಮನೆಯ ಅಂಗಳಕ್ಕೆ ಬಂದು ಇಂಜಿನ್ ನಿಲ್ಲಿಸಿದೆ. ದೀಪ ಹಾಗೆಯೇ ಉರಿಯುತ್ತಿತ್ತು. ಒಳಗಿನಿಂದ ಅಕ್ಕನ ನರಳಾಟ ಕೇಳಿಸುತ್ತಿತ್ತು. ನರ್ಸಮ್ಮ ಸೀರೆ ಎತ್ತಿ ಕಟ್ಟಿ ಒಳಗೆ ಹೋದವರು ಅದೇ ಕಾಲಿನಲ್ಲಿ ಹೊರಗೆ ಬಂದರು. "ಈ ಬುಡ್ಡಿ ದೀಪದಲ್ಲಿ ನಾನೇನು ನೋಡ್ಲಿ? ಆ ಗಾಡಿ ತಿರುಗಿಸಿ ಬಾಗಿಲಿಗೆ ಹಿಡಿ, ಬೇಗ!" ಎಂದರು. ನಾನೂ ಭಾವನೂ ಗಾಡಿಯನ್ನು ತಿರುಗಿಸಿ ಬಾಗಿಲಿಗೆ ನೇರ ನಿಲ್ಲಿಸಿದೆವು. ಬೆಳಕು ನಡುಮನೆಯನ್ನೆಲ್ಲ ತುಂಬಿತು. ಗಂಡಸರು ಬೆನ್ನು ತಿರುಗಿಸಿ ಬೇಲಿಯ ಹತ್ತಿರ ಹೋದರು. ನಾನು ಗಾಡಿ ಹಿಡಿದುಕೊಂಡು, ಮುಖ ಹೊರಳಿಸಿ, ಅಲ್ಲೇ ಕೂತೆ.

ಆಗ ಕೈ ಹಾಕಿ ನೋಡಿದೆ. ಬ್ಯಾಟರಿ ಇರಬೇಕಾದ ಜಾಗ ಬರಿದು. ಬೆರಳಿಗೆ ಸಿಕ್ಕಿದ್ದು ನಾನೇ ಟೇಪು ಸುತ್ತಿದ್ದ ವೈರಿನ ತುದಿ. ಡೈನಮೋ ಇದ್ದಲ್ಲಿ ನಾನೇ ಕಟ್ಟಿದ ತಗಡು. ಹೆದರಿಕೆಯಾಯಿತು. ಎದ್ದು ಓಡಬೇಕು ಅನ್ನಿಸಿತು. ಆದರೆ ಓಡಿದರೆ ದೀಪ ಆರಿಹೋದೀತು, ಜೋರಾಗಿ ಉಸಿರು ಬಿಟ್ಟರೂ ಆರಿಹೋದೀತು ಅನ್ನುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಅಲ್ಲಾಡದೆ ಕೂತೆ. ಒಳಗೆ ನರ್ಸಮ್ಮ ಬೈಯುತ್ತಿದ್ದರು, ಗದರುತ್ತಿದ್ದರು, "ಇನ್ನೊಂದ್ಸಲ ತಾಯೀ, ಇನ್ನೊಂದೇ ಒಂದ್ಸಲ" ಎಂದು ಮುದ್ದಿಸುತ್ತಿದ್ದರು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಬೆಳಕು ನಿಧಾನವಾಗಿ ಹಳದಿಗೆ ತಿರುಗುತ್ತಿರುವುದನ್ನು ಕಂಡೆ. ಬ್ಯಾಟರಿ ಇಳಿಯುವಾಗ ಬೆಳಕು ಹಾಗೆಯೇ ತಿರುಗುತ್ತದೆ, ಆ ಬಣ್ಣ ನನಗೆ ಚೆನ್ನಾಗಿ ಗೊತ್ತು. "ಇನ್ನೊಂದು ಚೂರು ಮೇಸ್ತ್ರಿ, ಇನ್ನೊಂದು ಚೂರು" ಎಂದು ಒಳಗೊಳಗೇ ಬೇಡಿಕೊಂಡೆ. ಹಳದಿ ಕೆಂಪಾಯಿತು. ಆಗ ಮಗು ಅತ್ತಿತು. ಗಾಜಿನೊಳಗೆ ತಂತಿ ಮಾತ್ರ ಕೆಂಪಗೆ ಒಂದು ಕ್ಷಣ ಕಂಡು ದೀಪ ಆರಿತು.

"ಹೆಣ್ಣು ಮಗು! ನಿಮ್ಮಕ್ಕ ಚೆನ್ನಾಗಿದಾಳೆ!" ಎಂದು ನರ್ಸಮ್ಮ ಕತ್ತಲಲ್ಲೇ ಕೂಗಿದರು. ಭಾವ ಮಣ್ಣಿನ ಮೇಲೆ ಕೂತು ಗಳಗಳ ಅತ್ತ.

ಬೆಳಿಗ್ಗೆ ನರ್ಸಮ್ಮನನ್ನು ಮನೆಗೆ ಬಿಟ್ಟು ನೇರ ಅಂಗಡಿಗೆ ಬಂದೆ. ಅಕ್ಕ, ಮಗು ಇಬ್ಬರೂ ಕ್ಷೇಮ ಎಂದ ಕೂಡಲೇ ತಾಯಮ್ಮನವರು ಕೈ ಮುಗಿದರು. ಸೊಂಟದಿಂದ ಕೀಲಿ ತೆಗೆದು ಬೀಗ ತೆಗೆದರು. ಹೊಸ್ತಿಲಿನ ರಂಗೋಲಿ ಒಂದು ಎಳೆಯೂ ಅಳಿಸಿರಲಿಲ್ಲ. ಬ್ಯಾಟರಿ ಹಲಗೆಯ ಮೇಲೆ ಇಟ್ಟಲ್ಲೇ ಇತ್ತು, ಕುಂಕುಮ ಕೆದರಿರಲಿಲ್ಲ, ಬಾಡಿದ ಸೇವಂತಿಗೆ ಅದರ ನೆತ್ತಿಯ ಮೇಲೇ ಇತ್ತು. ಮಂಗಳಾರತಿ ಮಾಡಿ ಸಾಮಾನು ಎಬ್ಬಿಸಿದ ಮೇಲೆ, ಬ್ಯಾಟರಿಯ ಮುಚ್ಚಳ ತೆಗೆದು ಆಸಿಡ್ ಅಳೆಯುವ ಗಾಜಿನ ಕೊಳವೆ ಇಳಿಸಿದೆ. ಬ್ಯಾಟರಿ ಭರ್ತಿಯಾಗಿದ್ದರೆ ಕೊಳವೆಯೊಳಗಿನ ಸಣ್ಣ ಗಾಜಿನ ಬುರುಡೆ ಮೇಲಕ್ಕೆ ತೇಲುತ್ತದೆ. ತಳಕ್ಕೆ ಕೂತಿತು. ಆ ಬ್ಯಾಟರಿಯೊಳಗೆ ಆಸಿಡ್ಡಿನ ಮನೆಗಳು ಮೂರು, ಮೂರರಲ್ಲೂ ಚಾರ್ಜು ಖಾಲಿ.

ರಾತ್ರಿ ನಡೆದದ್ದನ್ನೆಲ್ಲ ತಾಯಮ್ಮನವರಿಗೆ ಹೇಳಿದೆ. ಅವರು ಅಳುತ್ತಾರೆ, ಇಲ್ಲವೇ ದೇವರ ಮಹಿಮೆ ಅನ್ನುತ್ತಾರೆ ಎಂದುಕೊಂಡಿದ್ದೆ. ಬ್ಯಾಟರಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಖಾಲಿಯಾಗಿದ್ರೆ ಚಾರ್ಜಿಗೆ ಹಾಕೋ. ನಿಂತ್ಕೊಂಡು ನೋಡ್ತಾ ಇದೀಯಲ್ಲ" ಅಂದರು. ಮೇಸ್ತ್ರಿಯದೇ ಧಾಟಿ. ಅಲ್ಲಿಯವರೆಗೆ ತಡೆದುಕೊಂಡಿದ್ದವನು ಆಗ ಅತ್ತೆ.

ಚಾರ್ಜ್ ಮಾಡಿ ಬ್ಯಾಟರಿಯನ್ನು ಗಾಡಿಗೆ ಕೂರಿಸಿದೆ. ದೀಪ ಹತ್ತಲಿಲ್ಲ! ಒಂದೊಂದೇ ವೈರು ಹಿಡಿದು ಬಲ್ಬು ಇಟ್ಟು ನೋಡುತ್ತ ಬಂದೆ. ಬ್ಯಾಟರಿಯಿಂದ ಗಾಡಿಯ ಚೌಕಟ್ಟಿಗೆ ಹೋಗುವ ಅರ್ತ್ ವೈರು, ಅಂದರೆ ಕರೆಂಟು ಹಿಂದಿರುಗುವ ದಾರಿ, ನೋಡಲು ಗಟ್ಟಿಮುಟ್ಟಾಗಿತ್ತು, ಬಟ್ಟೆಯ ಹೊದಿಕೆಯೊಳಗೆ ಕಡಿದು ಹೋಗಿತ್ತು. ನಾನೂ ಮೇಸ್ತ್ರಿಯೂ ತಿಂಗಳುಗಟ್ಟಲೆ ಹುಡುಕಿದ ರೋಗ ಅದೇ. ಎರಡು ತುಂಡು ಕೂಡಿಕೊಂಡಾಗ ಮುಳ್ಳು ಬಲಕ್ಕೆ, ಅರೆಬರೆ ತಾಗಿದಾಗ ನಡುಗುತ್ತ ಎಡಕ್ಕೆ, ಬಿಟ್ಟುಕೊಂಡಾಗ ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಹೊಸ ವೈರು ಹಾಕಿದೆ, ಡೈನಮೋ ಏರಿಸಿದೆ, ಇಂಜಿನ್ ಹತ್ತಿಸಿದೆ. ಮುಳ್ಳು ಬಲಕ್ಕೆ ಹೋಗಿ ನಿಂತಿತು. "ಬಲಕ್ಕೆ ಹೋಯ್ತು" ಎಂದು ಖಾಲಿ ಷೆಡ್ಡಿನಲ್ಲಿ ಗಟ್ಟಿಯಾಗಿ ಹೇಳಿದೆ. ಆ ವೈರು ಹಿಂದಿನ ದಿನವೇ ಪೂರ್ತಿ ಕಡಿದಿತ್ತೋ, ರಾತ್ರಿಯ ಕುಲುಕಾಟಕ್ಕೆ ಕಡಿಯಿತೋ ತಿಳಿಯದು. ಮೊದಲೇ ಕಡಿದಿದ್ದರೆ, ನಾನು ಹಟ ಮಾಡಿ ಬ್ಯಾಟರಿ ಕಟ್ಟಿಕೊಂಡು ಹೋಗಿದ್ದರೂ ದೀಪ ಹತ್ತುತ್ತಿರಲಿಲ್ಲ.

ಎಷ್ಟೋ ವರ್ಷ ಇದಕ್ಕೆ ಕಾರಣ ಹುಡುಕಿದೆ. ಒಳಗಿನ ಪ್ಲೇಟು ಕೆಟ್ಟ ಬ್ಯಾಟರಿಯ ಚಾರ್ಜು ಇಟ್ಟಲ್ಲೇ ಇಳಿಯುತ್ತದೆ, ನಿಜ. ಆದರೆ ಅದೇ ಬ್ಯಾಟರಿ ಆಮೇಲೆ ವರ್ಷಗಟ್ಟಲೆ ಬಾಳಿತು. ಮ್ಯಾಗ್ನೆಟೋದ ಕರೆಂಟು ಹೇಗೋ ದೀಪಕ್ಕೆ ಹರಿದಿರಬೇಕು ಎಂದು ಒಬ್ಬರು ಹೇಳಿದರು. ಇಂಜಿನ್ನೇ ನಿಂತಿತ್ತಲ್ಲ ಸ್ವಾಮಿ! ಕಾಲೇಜಿನಲ್ಲಿ ಪಾಠ ಹೇಳುವ ಇನ್ನೊಬ್ಬರು ಎಲ್ಲ ಕೇಳಿ, ನೀವು ಬ್ಯಾಟರಿ ಕಟ್ಟಿಕೊಂಡೇ ಹೋಗಿದ್ದಿರಿ, ಗಾಬರಿಯಲ್ಲಿ ಮರೆತಿದ್ದೀರಿ ಎಂದರು. ಮರೆತೆನಂತೆ! ಬ್ಯಾಟರಿ ಕಟ್ಟಿದ್ದನ್ನು ಮರೆಯುವವನು ನಾನಲ್ಲ. ದಾರಿ ಇಲ್ಲದೆ ಕರೆಂಟು ಬರುವುದಿಲ್ಲ ಎಂದು ಕಲಿಸಿದವರು ನೀವೇ ಅಲ್ಲವೇ ಮೇಸ್ತ್ರಿ, ಹಾಗಾದರೆ ಅವತ್ತು ದಾರಿ ಎಲ್ಲಿತ್ತು ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಜಗಳ ತೆಗೆದಿದ್ದೇನೆ.

ಆ ದಿನ ಹುಟ್ಟಿದ ಮಗು ಈಗ ಎರಡು ಮಕ್ಕಳ ತಾಯಿ. ಜ್ಞಾನಭಾರತಿಯ ಹತ್ತಿರ ಮನೆ ಮಾಡಿಕೊಂಡು ಸ್ಕೂಟರಿನಲ್ಲಿ ಕೆಲಸಕ್ಕೆ ಓಡಾಡುತ್ತಾಳೆ. ಲೈಟು ಮಂಕಾದರೆ, "ಮಾಮಾ, ನೋಡು ಇದೇನಾಗಿದೆ ಅಂತ" ಎಂದು ತಂದು ನಿಲ್ಲಿಸುತ್ತಾಳೆ. ನಾನು ಮೊದಲು ಅರ್ತ್ ವೈರು ಮುಟ್ಟಿ ನೋಡುತ್ತೇನೆ. ಈ ಕಥೆ ಹೇಳಿದರೆ, "ಬಿಡು ಮಾಮಾ, ಎಷ್ಟು ಸಲ ಹೇಳ್ತೀಯ" ಎಂದು ನಗುತ್ತಾಳೆ. ನಗಲಿ.

ತಾಯಮ್ಮನವರೂ ಹೋಗಿ ಬಹಳ ಕಾಲವಾಯಿತು. ಹಲಸಿನ ಹಲಗೆ ನನ್ನ ಹತ್ತಿರ ಇದೆ. ಪ್ರತಿ ವರ್ಷ ಆಯುಧಪೂಜೆಗೆ ಅದರ ಮೇಲೆ ಒಂದು ಬ್ಯಾಟರಿಯನ್ನು ಭರ್ತಿ ಚಾರ್ಜ್ ಮಾಡಿಯೇ ಇಡುತ್ತೇನೆ. ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿಯಾದ ಮೇಲೆ ಮೊದಲ ಕೆಲಸ, ಗಾಜಿನ ಕೊಳವೆ ಇಳಿಸಿ ನೋಡುವುದು. ಪ್ರತಿ ವರ್ಷವೂ ಬುರುಡೆ ಮೇಲೆಯೇ ತೇಲುತ್ತದೆ, ಒಂದು ಗೆರೆಯೂ ಇಳಿದಿರುವುದಿಲ್ಲ. ಕೆಲಸದವನಾಗಿ ನನಗೆ ಅದು ಸಂತೋಷದ ವಿಷಯ. ಆದರೂ ಇಳಿದಿಲ್ಲವಲ್ಲ ಎಂದು ಪ್ರತಿ ವರ್ಷ ಮನಸ್ಸಿಗೆ ಸ್ವಲ್ಪ ಬೇಸರವಾಗುತ್ತದೆ.